ಎಡಗೈಗೆ ಹಿಂದಿನ ಬ್ರೇಕು

ಅವನು ಬಸ್ ಡ್ರೈವರು. ಡಿಪೋದಲ್ಲಿ ಅವನಿಗೆ 'ಬೆಣ್ಣೆ ಬ್ರೇಕು' ಎಂದು ಹೆಸರು. ಬಸ್ಸನ್ನು ಯಾರು ಬೇಕಾದರೂ ಓಡಿಸುತ್ತಾರೆ, ನಿಲ್ಲಿಸುವುದನ್ನು ಇವನ ಹತ್ತಿರ ಕಲಿಯಬೇಕು ಎಂದು ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಹಿರಿಯರು ಹೇಳುತ್ತಿದ್ದರು. ಅವನ ಬಸ್ಸಿನಲ್ಲಿ ತಾಯಿಯ ಹೆಗಲ ಮೇಲೆ ಮಲಗಿದ ಕೂಸು ನಿಲ್ದಾಣ ಬಂದರೂ ಏಳುತ್ತಿರಲಿಲ್ಲ. ನಿಂತು ಪ್ರಯಾಣ ಮಾಡುವ ಮುದುಕರು ಕಂಬ ಬಿಟ್ಟು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಅವನು ಹೆಮ್ಮೆ ಪಟ್ಟಿದ್ದು ಇದೊಂದಕ್ಕೇ. ಮಿಕ್ಕ ವಿಷಯಗಳಲ್ಲಿ ಅವನು ತನ್ನಷ್ಟಕ್ಕೆ ತಾನಿರುವ, ಸ್ವಲ್ಪ ಪುಕ್ಕಲು ಸ್ವಭಾವದ ಮನುಷ್ಯ.

ಅವನ ಹೆಂಡತಿ ಹಲ್ಲು ಕಟ್ಟುವವಳು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದನ್ನು ನೋಡಿಕೊಂಡು ಕೃತಕ ದಂತಪಂಕ್ತಿ ಮಾಡಿಕೊಡುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ಅವಳ ಕೆಲಸ. "ಈ ಊರಿನ ಅರ್ಧ ಜನ ನಗೋದು ನನ್ನ ದಯದಿಂದ" ಎಂದು ಅವಳು ಹೇಳಿದರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕೈಗಳು ಪುಟ್ಟವು, ಹತ್ತು ವರ್ಷದ ಹುಡುಗಿಯ ಕೈಗಳ ಹಾಗೆ. ಬಳೆ ಅಂಗಡಿಯಲ್ಲಿ ಅವಳಿಗೆ ಮಕ್ಕಳ ಡಬ್ಬಿಯನ್ನೇ ತೆಗೆಯಬೇಕಾಗಿತ್ತು. ಆ ಕೈಗಳಿಂದಲೇ ದವಡೆಯ ಒಳಮೂಲೆಯ ಹಲ್ಲನ್ನೂ ಕೂದಲೆಳೆಯಷ್ಟು ವ್ಯತ್ಯಾಸವಾಗದಂತೆ ಕೂರಿಸುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ದೀಪದ ಕೆಳಗೆ ಬಗ್ಗಿ ಕೂರುವ ಕೆಲಸ. ನಲವತ್ತೇಳು ತುಂಬುವ ಹೊತ್ತಿಗೆ ಕತ್ತು, ಬೆನ್ನು, ಸೊಂಟ ಮೂರೂ ಒಂದೇ ದನಿಯಲ್ಲಿ ದೂರು ಹೇಳತೊಡಗಿದ್ದವು.

ಆಗ ಬಂದಳು ಅವಳ ತಂಗಿ. ಆರಡಿಗೆ ಎರಡೇ ಬೆರಳು ಕಡಿಮೆ ಎತ್ತರದವಳು. ಭಾವ ಅವಳಿಗಿಟ್ಟ ಹೆಸರು ಜಿರಾಫೆ. ಜಿರಾಫೆ ಭೂಮಾಪನದ ಕೆಲಸದಲ್ಲಿದ್ದಳು, ರಜೆಯಲ್ಲಿ ಸೈಕಲ್ ರೇಸಿಗೆ ಹೋಗುತ್ತಿದ್ದಳು. ಒಂದು ಭಾನುವಾರ ತನ್ನ ಹಳೆಯ ಸೈಕ್ಲೋಕ್ರಾಸ್ ಸೈಕಲ್ಲನ್ನು ಎರಡು ಮಹಡಿ ಹೊತ್ತು ತಂದು ಅಕ್ಕನ ಮನೆಯ ಪಡಸಾಲೆಯ ಗೋಡೆಗೆ ಒರಗಿಸಿ, "ಅಕ್ಕಾ, ನಂಗೆ ಹೊಸದು ಬಂತು. ಇದು ನಿಂದು. ಬೆನ್ನು ನೋವಿಗೆ ಮುಲಾಮು ಹಚ್ಚೋದು ಬಿಟ್ಟು ಇದನ್ನ ಹತ್ತು" ಎಂದಳು.

ಡ್ರೈವರು ಅದನ್ನು ಸುತ್ತು ಬಂದು ನೋಡಿದ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲು, ಉಬ್ಬುತಗ್ಗಿನ ಟಯರು. "ಇದರಲ್ಲಿ ಏನ್ಮಾಡ್ತಾರೆ?"

"ಕೆಸರು, ಹುಲ್ಲು, ಮರಳು, ಎಲ್ಲಾದ್ರಲ್ಲೂ ಓಡಿಸ್ತಾರೆ ಭಾವ. ನಡುನಡುವೆ ಹಲಗೆ ಅಡ್ಡ ಇಟ್ಟಿರ್ತಾರೆ. ಅಲ್ಲಿ ಓಡ್ತಾ ಓಡ್ತಾ ಇಳಿದು, ಸೈಕಲ್ ಹೆಗಲಿಗೇರಿಸಿ, ಹಾರಿ, ಮತ್ತೆ ಹತ್ತಬೇಕು."

"ಮನುಷ್ಯರು ಸೈಕಲ್ ಮೇಲೆ ಕೂರೋದು ನೋಡಿದೀನಿ. ಸೈಕಲ್ಲು ಮನುಷ್ಯರ ಮೇಲೆ ಕೂರೋದು ಈಗ ಕೇಳ್ತಿದೀನಿ" ಎಂದ ಅವನು. ಅಕ್ಕ ತಂಗಿ ಇಬ್ಬರೂ ನಕ್ಕರು.

ಅವನು ಅಂದುಕೊಂಡದ್ದು, ನಾಲ್ಕು ದಿನದ ಶೋಕಿ, ಆಮೇಲೆ ಬಟ್ಟೆ ಒಣಹಾಕಲು ಒಳ್ಳೆಯ ಸ್ಟ್ಯಾಂಡು ಆದೀತು ಎಂದು. ಹಾಗಾಗಲಿಲ್ಲ. ಅವಳಿಗೆ ಹುಚ್ಚು ಹಿಡಿಯಿತು. ಭಾನುವಾರ ಬೆಳಿಗ್ಗೆ ಹೋದವಳು ಮಧ್ಯಾಹ್ನ ಮಣ್ಣಿನ ಗೊಂಬೆಯಾಗಿ ಬರುತ್ತಿದ್ದಳು. ಬಂದವಳೇ ಸೈಕಲ್ಲನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಚೈನು ಉಜ್ಜುತ್ತ ಏನೋ ಗುನುಗುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಕೇಳಿದ್ದ ಗುನುಗು ಅದು. ನಡುವೆ ಎಷ್ಟು ವರ್ಷದಿಂದ ಅದು ನಿಂತುಹೋಗಿತ್ತು ಎಂಬುದನ್ನು ಅವನು ಗಮನಿಸಿರಲೇ ಇಲ್ಲ. ಬೆನ್ನು ನೋವಿನ ಮಾತು ಮನೆಯಿಂದ ಮಾಯವಾಯಿತು.

ಆದರೆ ಅವಳ ಮೊದಲ ರೇಸು ಹಲಗೆಯ ಹತ್ತಿರ ಮುಗಿಯಿತು. ಓಡುತ್ತಲೇ ಇಳಿಯಲು ಕಾಲೆತ್ತಿದಳು. ಹಿಂದಿನ ಚಕ್ರ ನೆಲ ಬಿಟ್ಟು ಮೇಲೆದ್ದಿತು. ಅವಳು ಹ್ಯಾಂಡಲಿನ ಮೇಲಿಂದ ಹಾರಿ ಹಲಗೆಯ ಅಂಚಿಗೆ ಬಾಯಿ ಹೊಡೆದುಕೊಂಡಳು. ಮುಂದಿನ ಹಲ್ಲು ಅರ್ಧ ಮುರಿಯಿತು.

ಕೆಲಸದಲ್ಲಿದ್ದ ಡ್ರೈವರು ಸಂಜೆ ಮನೆಗೆ ಬಂದಾಗ ಅವಳು ತುಟಿಗೆ ಮಂಜುಗಡ್ಡೆ ಒತ್ತಿ ಕೂತಿದ್ದಳು. "ನೋಡ್ರೀ, ಅಗಸನಿಗೆ ಮಡಿ ಬಟ್ಟೆ ಇಲ್ಲ ಅನ್ನೋ ಹಾಗೆ ಹಲ್ಲು ಕಟ್ಟೋಳಿಗೇ ಹಲ್ಲಿಲ್ಲ" ಎಂದು ನಗಲು ಹೋಗಿ ನೋವಿಗೆ ಮುಖ ಹಿಂಡಿದಳು.

ಅವನು ನಗಲಿಲ್ಲ. ಹೇಳಬೇಕಾದ್ದು ಬೇರೆ ಏನೇನೋ ಇತ್ತು. ಬಾಯಿಂದ ಬಂದದ್ದು ಒಂದೇ. "ಸಾಕು ಬಿಡು. ಈ ವಯಸ್ಸಿಗೆ ಇದೆಲ್ಲ ಬೇಕಾ?"

ಅವಳು ಮಂಜುಗಡ್ಡೆ ಪಾತ್ರೆಗೆ ಹಾಕಿ ಎದ್ದುಹೋದಳು. ಮರುದಿನ ಪ್ರಯೋಗಾಲಯದಲ್ಲಿ ತನ್ನ ಮುರಿದ ಹಲ್ಲಿಗೆ ತಾನೇ ಟೋಪಿ ಮಾಡಿಕೊಂಡು, ಗುರುತಿನ ಡಾಕ್ಟರ ಹತ್ತಿರ ಕೂರಿಸಿಕೊಂಡು ಬಂದಳು. ಮುಂಚಿನ ಹಲ್ಲಿಗಿಂತ ಅದೇ ಚೆನ್ನಾಗಿತ್ತು. ಆದರೆ ಭಾನುವಾರ ಬಂದಾಗ ಅವಳು ಹೊರಡಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಪಡಸಾಲೆಯಲ್ಲಿ ನಿಂತಿದ್ದ ಸೈಕಲ್ಲಿನ ಮೇಲೆ ಯಾರೋ ಒದ್ದೆ ಟವೆಲು ಹಾಕಿದರು. ಮನೆಯಲ್ಲಿ ಇದ್ದದ್ದು ಇಬ್ಬರೇ, ಹಾಕಿದ್ದು ಅವಳೇ ಇರಬೇಕು.

ಅವನು ಗೆದ್ದಿದ್ದ. ಗೆದ್ದವನಿಗೆ ಊಟ ಮಾತ್ರ ರುಚಿಸಲಿಲ್ಲ. ಅವಳು ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಅವಳ ಎಡಗೈ ಮೇಜಿನ ಅಂಚಿನಲ್ಲಿ ತಂತಾನೇ ಬೆರಳು ಮಡಚಿ ಬಿಚ್ಚುತ್ತಿತ್ತು. ಇಲ್ಲದ ಏನನ್ನೋ ಹಿಡಿಯಲು ನೋಡುವ ಹಾಗೆ. ಅದನ್ನು ಕಂಡ ಮೇಲೆ ಅವನಿಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಕೆಲಸವಿಲ್ಲದಾಗ ಟವೆಲು ತೆಗೆದು, ಸೈಕಲ್ಲಿನ ಬ್ರೇಕಿಗೆ ಕೈಹಾಕಿದ.

ಮುಟ್ಟಿದ ತಕ್ಷಣ ಅವನಿಗೆ ಸಿಟ್ಟು ಬಂತು. ಇದು ಬ್ರೇಕೇ? ವೈರನ್ನು ಹೊತ್ತ ಔಟರ್ ಕೊಳವೆ ಅಲ್ಲಲ್ಲಿ ಮುರಿದು ಬಾಗಿತ್ತು, ಒಳಗೆಲ್ಲ ತುಕ್ಕು. ಲಿವರ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಒಮ್ಮೆಗೇ ಎಲ್ಲ ಆಗಿಬಿಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಲಿವರು ಹ್ಯಾಂಡಲಿನಿಂದ ಬಹಳ ದೂರ ನಿಂತಿತ್ತು. ಜಿರಾಫೆಯ ಕೈಗೆ ಅದು ಸರಿ. ತನ್ನ ಹೆಂಡತಿಯ ಕೈಗೆ? ಬೆರಳ ತುದಿಯಲ್ಲಿ ಎಟುಕಿಸಿಕೊಂಡು ಎಳೆಯಬೇಕು. ಬೆರಳ ತುದಿಯಲ್ಲಿ ಎಳೆದ ಬ್ರೇಕು ಎಂದಾದರೂ ಹದವಾಗಿ ಬಿದ್ದೀತೇ? ಅವನ ಬಸ್ಸಿನ ಪೆಡಲನ್ನು ಯಾರಾದರೂ ಕಾಲಿನ ಹೆಬ್ಬೆರಳಲ್ಲಿ ಮಾತ್ರ ಒತ್ತು ಎಂದಿದ್ದರೆ ಅವನ ಬೆಣ್ಣೆಯೂ ಕಲ್ಲಾಗುತ್ತಿತ್ತು.

'ಇವಳಿಗೆ ವಯಸ್ಸಾಗಿದೆ ಅಂದೆನಲ್ಲ, ಬ್ರೇಕಿಗೆ ವಯಸ್ಸಾಗಿದ್ದು ನೋಡಲಿಲ್ಲ' ಎಂದು ತನ್ನನ್ನೇ ಬೈದುಕೊಂಡ.

ಡಿಪೋದ ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ನಿವೃತ್ತಿಗೆ ಹತ್ತಿರವಾದವನು, ಬಾಯಿ ತೆರೆದರೆ ಚೇಷ್ಟೆ. "ಏನಪ್ಪಾ, ಬಸ್ ಸಾಕಾಗಿ ಸೈಕಲ್ಲಿಗೆ ಇಳಿದ್ಯಾ?" ಎಂದು ಹಂಗಿಸುತ್ತಲೇ ಕೆಲಸ ಹೇಳಿಕೊಟ್ಟ. ಔಟರ್ ಕೊಳವೆಯನ್ನು ಒಳ್ಳೆಯ ಕಟ್ಟರಿನಲ್ಲಿ ಒಂದೇ ಏಟಿಗೆ ಕತ್ತರಿಸಬೇಕು. ಕತ್ತರಿಸಿದ ಬಾಯನ್ನು ಅರ ಹಾಕಿ ಸಮ ಮಾಡಬೇಕು. ಒಳಗಿನ ಪ್ಲಾಸ್ಟಿಕ್ಕು ಮುಚ್ಚಿಕೊಂಡಿದ್ದರೆ ದಬ್ಬಳದಿಂದ ಬಿಡಿಸಬೇಕು. ಕೆಸರು ಒಳಗೆ ಹೋಗದಂತೆ ಕೊಳವೆಯನ್ನು ನಡುವೆ ತುಂಡು ಮಾಡದೆ ಉದ್ದಕ್ಕೂ ಒಂದೇ ಸಲಕ್ಕೆ ಹಾಯಿಸಬೇಕು. "ತಿರುವು ಜಾಸ್ತಿ ಕೊಡ್ಬೇಡ. ವೈರಿಗೂ ಗಂಡಸರಿಗೂ ತುಂಬಾ ತಿರುವಿದ್ರೆ ಮಾತು ಆ ಕಡೆ ತಲುಪೋದಿಲ್ಲ" ಎಂದ.

ಲಿವರನ್ನು ಹತ್ತಿರ ತರುವುದು ಹೇಗೆಂಬುದನ್ನು ಡ್ರೈವರು ತಾನೇ ಕಂಡುಕೊಂಡ. ಲಿವರು ತಿರುಗುವ ಕೀಲಿನ ಹಿಂದೆ ಒಂದು ಸಣ್ಣ ಸಂದು. ಅಲ್ಲಿ ಒಂದು ಬೆಣೆ ಸಿಕ್ಕಿಸಿದರೆ ಲಿವರು ಪೂರ್ತಿ ಹಿಂದಕ್ಕೆ ಹೋಗದೆ ಹ್ಯಾಂಡಲಿನ ಹತ್ತಿರವೇ ನಿಲ್ಲುತ್ತದೆ. ಹಳೆಯ ರಬ್ಬರ್ ಚಾಪೆಯ ತುಂಡು ಇಟ್ಟು ನೋಡಿದ. ಎರಡು ಸಲ ಒತ್ತಿದ ಕೂಡಲೆ ಅದು ಕಪ್ಪೆಯ ಹಾಗೆ ನೆಗೆದು ಕಪಾಟಿನ ಕೆಳಗೆ ಸೇರಿತು. ಮರದ ಚಕ್ಕೆ ಕೆತ್ತಿದ. ನೀರು ತಾಗಿ ಉಬ್ಬಿ ಲಿವರೇ ಬಿಗಿದುಕೊಂಡಿತು. ಮೂರನೆಯದಕ್ಕೆ ಚಮಚದ ಹಿಡಿಯನ್ನು ಗರಗಸಕ್ಕೆ ಕೊಡುತ್ತಿದ್ದಾಗ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಅದು ನನ್ನ ಸಾರಿನ ಚಮಚ."

ಅವನು ಕದ್ದು ಸಿಕ್ಕಿಬಿದ್ದವನಂತೆ ಎದ್ದುನಿಂತ. "ಹೊಸದು ತರ್ತೀನಿ."

ಅವಳು ಹತ್ತಿರ ಬಂದು ಬಿಚ್ಚಿಹಾಕಿದ ವೈರು, ಅರ, ಮರದ ಚಕ್ಕೆ ಎಲ್ಲವನ್ನೂ ನೋಡಿದಳು. ಆಮೇಲೆ ಅವನ ಮುಖ ನೋಡಿದಳು. ಬಗ್ಗಿ ಆ ಸಂದಿನೊಳಗೆ ಕಿರುಬೆರಳು ಹಾಕಿ ತಡವಿದಳು. "ಇದು ದವಡೆಯ ಸಂದು ಇದ್ದ ಹಾಗೇ ಇದೆಯಲ್ರೀ. ಅಂದಾಜಿನಲ್ಲಿ ಕೆತ್ತಿದ್ರೆ ಕೂರುತ್ತಾ? ಅಚ್ಚು ತೆಗೀಬೇಕು."

ಮರುದಿನ ಪ್ರಯೋಗಾಲಯದಿಂದ ಹಲ್ಲಿನ ಅಚ್ಚು ತೆಗೆಯುವ ಹಿಟ್ಟು ತಂದಳು. ಕಲಸಿ ಸಂದಿನೊಳಗೆ ಒತ್ತಿ, ಹ್ಯಾಂಡಲು ಹಿಡಿದು ಕೂತು, ತನ್ನ ಬೆರಳಿಗೆ ಲಿವರು ಎಷ್ಟು ಹತ್ತಿರ ಬೇಕೋ ಅಷ್ಟಕ್ಕೆ ತಂದು, ಗಟ್ಟಿಯಾಗುವವರೆಗೆ ಕಾದಳು. ಅವನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಉಸಿರು ಬಿಗಿಹಿಡಿದು ನೋಡಿದ. ಎರಡು ದಿನ ಬಿಟ್ಟು ಅವಳು ಕರವಸ್ತ್ರದಿಂದ ಎರಡು ಬೆಣೆಗಳನ್ನು ಬಿಚ್ಚಿದಳು. ದಂತಪಂಕ್ತಿಗೆ ಬಳಸುವ ಅದೇ ಗಟ್ಟಿ ವಸ್ತು, ಅದೇ ನಸುಗೆಂಪು ಒಸಡಿನ ಬಣ್ಣ. ಸಂದಿಗೆ ಇಟ್ಟು ಹೆಬ್ಬೆರಳಲ್ಲಿ ಒತ್ತಿದರೆ 'ಟಕ್' ಎಂದು ಕೂತವು. ಲಿವರು ಅವಳ ಬೆರಳಿನ ಎರಡನೇ ಗೆಣ್ಣಿಗೆ ಸಿಕ್ಕಿತು.

"ಸೈಕಲ್ಲಿಗೆ ಒಸಡು ಬಂತು. ಇನ್ನು ಹಲ್ಲು ಬರೋದೊಂದು ಬಾಕಿ" ಎಂದ ಅವನು. ಎಷ್ಟೋ ದಿನದ ಮೇಲೆ ಅವಳು ಹೊಸ ಹಲ್ಲು ಕಾಣುವಂತೆ ನಕ್ಕಳು.

ಅಲ್ಲಿಗೆ ಮುಗಿಯಲಿಲ್ಲ. ಲಿವರು ಹತ್ತಿರ ಬಂದರೆ ಅದು ಎಳೆಯುವ ದೂರ ಕಮ್ಮಿಯಾಗುತ್ತದೆ. ಹಾಗಾಗಿ ಬ್ರೇಕಿನ ರಬ್ಬರನ್ನು ಚಕ್ರದ ಅಂಚಿಗೆ ಇನ್ನಷ್ಟು ಹತ್ತಿರ ಕೂರಿಸಬೇಕಾಯಿತು. ಅದನ್ನೂ ಮಾಡಿದ. ಆದರೂ ಅವನ ತಲೆಯಿಂದ ಒಂದು ಪ್ರಶ್ನೆ ಹೋಗಿರಲಿಲ್ಲ. ಬ್ರೇಕು ಕೆಟ್ಟದ್ದೇ ಆದರೂ, ಹಿಂದಿನ ಚಕ್ರ ಎದ್ದದ್ದು ಏಕೆ? ಕೆಳಗೆ ಹಿತ್ತಲ ಓಣಿಯಲ್ಲಿ ಎರಡು ಇಟ್ಟಿಗೆಯ ಮೇಲೆ ಒಂದು ಕೋಲಿಟ್ಟು, "ನೀನು ಅವತ್ತು ಇಳಿದ ಹಾಗೇ ಇಳಿದು ತೋರಿಸು. ನಿಧಾನಕ್ಕೆ" ಎಂದ.

ಅವಳು ತೋರಿಸಿದಳು. ಬಲಗಾಲನ್ನು ಸೀಟಿನ ಹಿಂದಿನಿಂದ ಎಡಕ್ಕೆ ತಂದಳು. ಬಲಗೈ ಹ್ಯಾಂಡಲು ಬಿಟ್ಟು, ಸೈಕಲ್ಲನ್ನು ಎತ್ತಲು ನಡುವಿನ ಅಡ್ಡಕೊಳವೆಯನ್ನು ಹಿಡಿಯಿತು.

"ನಿಲ್ಲು ನಿಲ್ಲು. ಈಗ ನಿನ್ನ ಯಾವ ಕೈ ಬ್ರೇಕಿನ ಮೇಲಿದೆ?"

"ಎಡಗೈ."

"ಎಡಗೈ ಬ್ರೇಕು ಯಾವ ಚಕ್ರಕ್ಕೆ?"

ಅವಳು ಬಗ್ಗಿ ವೈರಿನ ಜಾಡು ಹಿಡಿದು ನೋಡಿದಳು. "ಮುಂದಿನದಕ್ಕೆ." ಹೇಳುತ್ತಲೇ ಕಣ್ಣು ಅರಳಿತು. "ಅಯ್ಯೋ! ಎಲ್ಲ ಭಾರ ಮುಂದೆ ಬಿದ್ದಿರುವಾಗ ಮುಂದಿನ ಚಕ್ರವನ್ನೇ ಹಿಡೀತಿದ್ದೆ!"

"ಮತ್ತೆ ಹಾರದೆ ಏನಾಗ್ತೀಯ?"

ಜಿರಾಫೆಗೆ ಫೋನು ಹೋಯಿತು. ಎಷ್ಟೋ ಜನ ಅದಕ್ಕೇ ವೈರು ಅದಲುಬದಲು ಮಾಡಿಕೊಳ್ಳುತ್ತಾರೆ, ಇಳಿಯುವಾಗ ಹಿಡಿಯುವ ಎಡಗೈಗೆ ಹಿಂದಿನ ಬ್ರೇಕು ಬರುವ ಹಾಗೆ, ಎಂದು ಅವಳು ಹೇಳಿದಳು. ತನಗೆ ಉದ್ದ ಕಾಲಿರುವುದರಿಂದ ಅದರ ಗೋಜೇ ಬಂದಿರಲಿಲ್ಲವಂತೆ. "ಸಾರಿ ಭಾವ" ಎಂದಳು. "ಸಾರಿ ನಿಮ್ಮಕ್ಕನ ಹಲ್ಲಿಗೆ ಹೇಳು" ಎಂದ ಅವನು.

ವೈರು ಬದಲಾಯಿಸುವುದು ಒಂದು ಮಧ್ಯಾಹ್ನದ ಕೆಲಸ. ಕೈಯ ಅಭ್ಯಾಸ ಬದಲಾಯಿಸುವುದು ಹಾಗಲ್ಲ. ಕಾಫಿ ಕುಡಿಯುತ್ತ ಕೂತಿದ್ದಾಗ ಅವನು ಇದ್ದಕ್ಕಿದ್ದಂತೆ "ಹಿಂದೆ!" ಎನ್ನುತ್ತಿದ್ದ, ಅವಳು ಎಡಗೈ ಮುಷ್ಟಿ ಹಿಡಿಯಬೇಕು. "ಮುಂದೆ!" ಎಂದರೆ ಬಲಗೈ. ಬಟ್ಟೆ ಮಡಿಸುವಾಗ, ಬೀಗದ ಕೈ ಹುಡುಕುವಾಗ, ಎಲ್ಲೆಂದರಲ್ಲಿ. ಒಂದು ಸಲ ಮೆಟ್ಟಿಲಲ್ಲಿ "ಹಿಂದೆ!" ಎಂದು ಕೂಗಿದಾಗ ಮೇಲೆ ಬರುತ್ತಿದ್ದ ಪಕ್ಕದ ಮನೆಯ ಮುದುಕಿ ಪಾಪ ಎರಡು ಮೆಟ್ಟಿಲು ಹಿಂದಕ್ಕಿಳಿದು ನಿಂತಿತು. ವಾರ ಕಳೆಯುವುದರೊಳಗೆ ಅವಳ ಕೈ ಯೋಚಿಸದೆ ಉತ್ತರ ಕೊಡತೊಡಗಿತು.

ಪರೀಕ್ಷೆ ಮಾಡಿಸಿದವನು ತಾನು ಮಾತ್ರ ಪರೀಕ್ಷೆಗೆ ಕೂತಿರಲಿಲ್ಲ. ಅದೇ ಆದದ್ದು ತಪ್ಪು.

ಅವಳು ಮತ್ತೆ ಹೆಸರು ಕೊಟ್ಟಿದ್ದ ರೇಸಿಗೆ ಹತ್ತು ದಿನವಿದ್ದಾಗ, ಅವಳು ಕೆಲಸಕ್ಕೆ ಹೋದ ಮೇಲೆ, ಬ್ರೇಕಿನ ಹದ ತಾನೇ ಒಮ್ಮೆ ನೋಡೋಣವೆಂದು ಸೈಕಲ್ಲನ್ನು ಕೆಳಗಿಳಿಸಿದ. ನೀರಿನ ಟ್ಯಾಂಕಿನ ಪಕ್ಕದ ಇಳಿಜಾರು. ಗಾಳಿ ಮುಖಕ್ಕೆ ಬಡಿಯಿತು. ಹುಡುಗನಾಗಿದ್ದಾಗಿನ ಗಾಳಿ ನೆನಪಾಯಿತು. ಓಹೋ, ಇದಕ್ಕೇ ಇವಳು ಗುನುಗುವುದು ಎಂದುಕೊಳ್ಳುತ್ತಿರುವಾಗ ಒಂದು ಬೆಕ್ಕು ಅಡ್ಡ ಬಂತು. ಅವನ ತಲೆಗೆ ಗೊತ್ತಿತ್ತು, ಬಲಗೈ ಈಗ ಮುಂದಿನ ಚಕ್ರ ಎಂದು. ಬಲಗೈಗೆ ಯಾರೂ ಹೇಳಿರಲಿಲ್ಲ. ಅದು ಹುಡುಗುತನದಿಂದ ಬಂದ ರೂಢಿಯಲ್ಲಿ ಹಿಂದಿನ ಬ್ರೇಕೆಂದೇ ನಂಬಿ ಗಟ್ಟಿಯಾಗಿ ಒತ್ತಿತು. ಬೆಕ್ಕು ಸುಖವಾಗಿ ದಾಟಿಹೋಯಿತು. ಬೆಣ್ಣೆ ಬ್ರೇಕು ಗಾಳಿಯಲ್ಲಿ ಒಂದು ಸುತ್ತು ಹಾಕಿ, ರಸ್ತೆ ರಿಪೇರಿಗೆ ಸುರಿದಿದ್ದ ಜಲ್ಲಿಯ ಗುಡ್ಡೆಯ ಮೇಲೆ ಭುಜ ಊರಿ ಇಳಿಯಿತು.

ಆಸ್ಪತ್ರೆಯಲ್ಲಿ ನರ್ಸು ತೋಳಿಗೆ ಜೋಲಿ ಕಟ್ಟುತ್ತ ಕೇಳಿದಳು, "ಬ್ರೇಕ್ ಹಿಡೀಲಿಲ್ವಾ?"

"ಹಿಡೀತು ತಾಯೀ. ಬಹಳ ಚೆನ್ನಾಗಿ ಹಿಡೀತು" ಎಂದ ಅವನು.

ಭುಜದ ಮುಂದಿನ ಎಲುಬು ಬಿರುಕು ಬಿಟ್ಟಿತ್ತು. ಒಂದೂವರೆ ತಿಂಗಳು ಬಸ್ಸು ಮುಟ್ಟುವಂತಿಲ್ಲ. ಮೇಸ್ತ್ರಿ ನೋಡಲು ಬಂದು, "ಬೆಣ್ಣೆ ಜಾರೋದು ಸಹಜ ಬಿಡು" ಎಂದು ಸಮಾಧಾನ ಹೇಳಿ ಹೋದ. ಹೆಂಡತಿ ಪ್ರಯೋಗಾಲಯದ ಮೇಲಂಗಿಯಲ್ಲೇ ಓಡಿ ಬಂದಿದ್ದಳು. ಮೊದಲು ಬೈದಳು. ಬೆಕ್ಕಿನ ಕತೆ ಕೇಳಿ ನಕ್ಕಳು. ನಗುತ್ತ ನಗುತ್ತ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಅವನದೇ ದನಿಯನ್ನು ಅಣಕಿಸಿ, "ಸಾಕು ಬಿಡಿ. ಈ ವಯಸ್ಸಿಗೆ ಇದೆಲ್ಲ ಬೇಕಾ?" ಎಂದಳು.

ಅವನು ಕಣ್ಣು ಮುಚ್ಚಿಕೊಂಡ. "ಆ ಮಾತು ಹೀಗಿರುತ್ತೆ ಅಂತ ಗೊತ್ತಿರಲಿಲ್ಲ ಕಣೇ."

"ಹೇಗಿರುತ್ತೆ?"

"ಬಿದ್ದಿದ್ದಕ್ಕಿಂತ ಜಾಸ್ತಿ ನೋವಾಗುತ್ತೆ."

ಅವಳು ಅವನ ಸರಿಯಿದ್ದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಕೂತಳು. ನರ್ಸು ಎರಡು ಸಲ ಬಂದು ಹೋದರೂ ಬಿಡಲಿಲ್ಲ.

ಸೈಕಲ್ಲಿನ ಚೌಕಟ್ಟಿಗೆ ಏನೂ ಆಗಿರಲಿಲ್ಲ. ಹ್ಯಾಂಡಲು ತಿರುಚಿಕೊಂಡು, ಹೊಸದಾಗಿ ಹಾಕಿದ್ದ ಔಟರುಗಳು ಎರಡೂ ಮುರಿದಿದ್ದವು. ಎಲ್ಲ ಮತ್ತೆ ಮೊದಲಿನಿಂದ. ಮಾಡುವ ಕೈ ಜೋಲಿಯಲ್ಲಿತ್ತು. ಹಾಗಾಗಿ ಊಟದ ಮೇಜನ್ನು ಗೋಡೆಗೆ ಸರಿಸಿ ನೆಲದ ಮೇಲೆ ಹಳೇ ಪತ್ರಿಕೆ ಹಾಸಿ, ಅವನು ಕುರ್ಚಿಯಲ್ಲಿ ಕೂತು ಬಾಯಾದ, ಅವಳು ಕೆಳಗೆ ಕೂತು ಕೈಯಾದಳು.

"ಹಾಗಲ್ಲ. ಇಕ್ಕಳ ನೇರ ಹಿಡಿ. ನಿಧಾನ. ನಿಧಾನ ಅಂದ್ನಲ್ಲ! ಎಳೆ ಬಿಚ್ಕೊಳ್ಳುತ್ತೆ. ಅಯ್ಯೋ, ಆ ಕಡೆಯಿಂದ ಅಲ್ವೇ!"

ಅವಳು ಇಕ್ಕಳ ಕೆಳಗಿಟ್ಟಳು. "ಬಸ್ಸಲ್ಲಿ ಪ್ರಯಾಣಿಕರ ಹತ್ರಾನೂ ಹೀಗೇ ಮಾತಾಡ್ತೀರಾ?"

"ಅವರು ನನ್ನ ಬ್ರೇಕಿಗೆ ಕೈ ಹಾಕಲ್ಲ."

"ಇದು ನನ್ನ ಬ್ರೇಕು" ಎಂದಳು ಅವಳು. ಹೇಳಿ, ಮತ್ತೆ ಇಕ್ಕಳ ತೆಗೆದುಕೊಂಡಳು. ಆಮೇಲೆ ಅವಳು ಕೇಳಿದಾಗ ಮಾತ್ರ ಅವನು ಹೇಳಿದ. ಹೇಳಬೇಕಾದದ್ದೂ ಹೆಚ್ಚಿರಲಿಲ್ಲ. ದಂತದ ಬೇರಿನಷ್ಟು ಸಣ್ಣ ಜಾಗದಲ್ಲಿ ಕೆಲಸ ಮಾಡುವವಳಿಗೆ ಕೊಳವೆಯ ಬಾಯಿ ಬಿಡಿಸುವುದು ನೀರು ಕುಡಿದಷ್ಟು ಸುಲಭ. ಅವಳು ಹಿಂದಿನ ವೈರನ್ನು ಎಡ ಲಿವರಿನಿಂದ ತೂರಿಸುತ್ತ, ತಲೆ ಎತ್ತದೆ ಕೇಳಿದಳು.

"ನಾನು ಬಿಟ್ಟೇಬಿಟ್ಟಿದ್ದೆನಲ್ರೀ. ನೀವು ಹೇಳಿದ ಹಾಗೇ ಆಗಿತ್ತು. ಮತ್ತೆ ನೀವ್ಯಾಕೆ ಇದನ್ನ ಬಿಚ್ಚೋಕೆ ಹೋದ್ರಿ?"

ಅವನು ಸ್ವಲ್ಪ ಹೊತ್ತು ಜೋಲಿಯ ಗಂಟು ಸರಿಮಾಡಿಕೊಂಡ. "ಬ್ರೇಕ್ ಹಾಕಿ ನಿಂತ ಬಸ್ಸಿಗೂ ಇಂಜಿನ್ ಆಫ್ ಆಗಿ ನಿಂತ ಬಸ್ಸಿಗೂ ವ್ಯತ್ಯಾಸ ಇದೆ. ಡ್ರೈವರಿಗೆ ಗೊತ್ತಾಗುತ್ತೆ. ನೀನು ಆಫ್ ಆಗಿದ್ದೆ."

ವೈರಿನ ತುದಿ ಆ ಕಡೆ ಹೊರಬಂದಾಗ ಅವಳು ಅದನ್ನು ಹಿಡಿದು ಎಳೆದು, ಅವನ ಮೊಣಕಾಲಿಗೆ ತಲೆ ಒರಗಿಸಿ ಕೂತಳು. ಪತ್ರಿಕೆಯ ಮೇಲೆ ಬಿದ್ದಿದ್ದ ಕಪ್ಪು ಪ್ಲಾಸ್ಟಿಕ್ಕಿನ ಚೂರುಗಳನ್ನು ಕಾಲಿನ ಹೆಬ್ಬೆರಳಿಂದ ಒಂದು ಕಡೆ ಕೂಡಿಸಿದಳು.

ರೇಸಿನ ದಿನ ಮೋಡ ಕವಿದಿತ್ತು. ಹಿಂದಿನ ದಿನದ ಮಳೆಗೆ ಮೈದಾನ ಕಲಸಿದ ಹಿಟ್ಟಾಗಿತ್ತು. ಡ್ರೈವರು ಒಂದು ಕೈ ಅಂಗಿಯೊಳಗೆ, ಒಂದು ಕೈ ಹೊರಗೆ, ಇಳಿಜಾರು ಮುಗಿದು ಹಲಗೆಗಳು ಬರುವ ಜಾಗದಲ್ಲಿ ನಿಂತ. ಪಕ್ಕದಲ್ಲಿ ಜಿರಾಫೆ. ಅವಳ ಓಟ ಮಧ್ಯಾಹ್ನಕ್ಕಿತ್ತು.

ಮೊದಲ ಸುತ್ತಿನಲ್ಲಿ ಅವನ ಹೆಂಡತಿ ಹಿಂದಿನಿಂದ ಎರಡನೆಯವಳಾಗಿ ಬಂದಳು. ಕಾಲೆತ್ತಿದಳು, ಬಲಗೈ ಕೊಳವೆಗೆ ಹೋಯಿತು, ಎಡಗೈ ಹದವಾಗಿ ಒತ್ತಿತು. ಹಿಂದಿನ ಚಕ್ರ ಕೆಸರಿನಲ್ಲಿ ಒಂದು ಗೆರೆ ಎಳೆಯಿತು, ಅಷ್ಟೆ. ಇಳಿದಳು, ಹಾರಿದಳು, ಹತ್ತಿದಳು. ಡ್ರೈವರು ಗಾಳಿಯನ್ನೆಲ್ಲ ಒಂದೇ ಸಲ ಹೊರಬಿಟ್ಟ.

"ಭಾವ, ಉಸಿರಾಡೋದು ಮರೀಬೇಡಿ, ಇನ್ನೂ ನಾಲ್ಕು ಸುತ್ತಿದೆ" ಎಂದಳು ಜಿರಾಫೆ.

ಮೂರನೇ ಸುತ್ತಿನಲ್ಲಿ ಅವಳು ಬರುವುದು ತಡವಾಯಿತು. ಬಂದಾಗ ಸೈಕಲ್ಲು ಹೆಜ್ಜೆಹೆಜ್ಜೆಗೂ ನರಳುತ್ತಿತ್ತು. ಅವನಿಗೆ ತಕ್ಷಣ ಅರ್ಥವಾಯಿತು. ಲಿವರು ಹತ್ತಿರವಿರಲೆಂದು ರಬ್ಬರನ್ನು ಚಕ್ರಕ್ಕೆ ಅಂಟಿಕೊಂಡಂತೆ ಕೂರಿಸಿದ್ದ. ಈಗ ಆ ಸಂದಿನಲ್ಲಿ ಕೆಸರು ತುಂಬಿ, ಮುಂದಿನ ಬ್ರೇಕು ಒತ್ತದೆಯೇ ಒತ್ತಿಕೊಂಡಿತ್ತು. ತಾನು ಕೊಟ್ಟ ಬ್ರೇಕೇ ಅವಳನ್ನು ಹಿಡಿದು ನಿಲ್ಲಿಸಿತ್ತು. ಅವಳು ಇಳಿಜಾರಿನ ತಲೆಯಲ್ಲಿ ಇಳಿದು ನಿಂತು, ಮುಂದಿನ ಚಕ್ರದ ಹತ್ತಿರ ಬಗ್ಗಿದಳು. ಅವಳ ಪುಟ್ಟ ಬೆರಳುಗಳು ಬ್ರೇಕಿನ ಎರಡು ತೋಳುಗಳ ನಡುವೆ ಸೇರಿ, ಅಡ್ಡ ವೈರಿನ ಕೊಕ್ಕೆಯನ್ನು ಕಳಚಿದವು. ತೋಳುಗಳು ಬಾಯ್ಬಿಟ್ಟವು, ಚಕ್ರ ಬಿಡುಗಡೆಯಾಯಿತು.

"ಅಯ್ಯಯ್ಯೋ, ಮುಂದಿನ ಬ್ರೇಕೇ ತೆಗೆದುಬಿಟ್ಟಳು!" ಎಂದ ಅವನು. ಮುಂದೆ ಇಳಿಜಾರು. ಅದರ ಬುಡದಲ್ಲಿ ಹಲಗೆಗಳು. ಉಳಿದದ್ದು ಎಡಗೈಯ ಒಂದು ಬ್ರೇಕು.

ಅವಳು ಹತ್ತಿದಳು. ಇಳಿಯತೊಡಗಿದಳು. ಹೆದರಿಕೆಗೆ ಎಡಗೈ ಬಿಗಿಯಾಗಿ ಒತ್ತಿದ್ದು ಅವನಿಗೆ ಅಷ್ಟು ದೂರದಿಂದಲೂ ಕಂಡಿತು. ಹಿಂದಿನ ಚಕ್ರ ತಿರುಗದೆ ಜಾರುತ್ತ ಓರೆಯಾಗತೊಡಗಿತು. ಇನ್ನೊಂದು ಕ್ಷಣ ಹೀಗೇ ಹಿಡಿದರೆ ಅಡ್ಡ ಬೀಳುತ್ತಾಳೆ. ಆಗ ಬದುಕಿನಲ್ಲಿ ಎಂದೂ ಯಾರಿಗೂ ಹೇಳದ ಮಾತನ್ನು ಆ ಮನುಷ್ಯ ಗಂಟಲು ಹರಿಯುವಂತೆ ಕೂಗಿದ.

"ಬಿಡೇ! ಬ್ರೇಕ್ ಬಿಡು! ಬಿಟ್ಟುಬಿಡೇ!"

ಅವಳು ಬಿಟ್ಟಳು. ಚಕ್ರ ತಿರುಗಿ ಸೈಕಲ್ಲು ನೆಟ್ಟಗಾಯಿತು. ಅವಳು ಕೆಸರು ಸಿಡಿಸುತ್ತ, ಬಾಯಿ ತೆರೆದುಕೊಂಡು, ಗಾಳಿಯ ಹಾಗೆ ಅವನ ಮುಂದೆ ಹಾದುಹೋದಳು. ಹಲಗೆಗೆ ಸ್ವಲ್ಪ ಮುಂಚೆ ಎಡಗೈ ಎರಡು ಸಲ ಮೆಲ್ಲಗೆ ಮಿಡಿಯಿತು, ಕಾಲು ನೆಲಕ್ಕೆ ಬಂತು. ಹಾರಿ ಆಚೆ ಹೋದಳು. ಅವನು ತಾನೂ ಒಂದಷ್ಟು ದೂರ ಪಕ್ಕದಲ್ಲೇ ಓಡಿದ್ದು ಜಿರಾಫೆ ಅಂಗಿ ಹಿಡಿದು ನಿಲ್ಲಿಸಿದಾಗಲೇ ಅವನಿಗೆ ಗೊತ್ತಾದದ್ದು.

ಕೊನೆಗೆ ಅವಳು ಹಿಂದಿನಿಂದ ಮೂರನೆಯವಳಾದಳು. ಒಬ್ಬಳನ್ನು ಇಳಿಜಾರಿನಲ್ಲೇ ಹಿಂದೆ ಹಾಕಿದ್ದಳು. ಮುಗಿಸಿ ಬಂದವಳು ಗೆದ್ದವಳನ್ನೇ ನಾಚಿಸುವಷ್ಟು ಗದ್ದಲ ಮಾಡಿದಳು. ಜಿರಾಫೆಯನ್ನು ಅಪ್ಪಿಕೊಂಡಳು. ಗುರುತಿಲ್ಲದ ಇಬ್ಬರು ಹೆಂಗಸರನ್ನೂ ಅಪ್ಪಿಕೊಂಡಳು. ಗಂಡನ ಹತ್ತಿರ ಬಂದಾಗ ಜೋಲಿ ನೆನಪಾಗಿ ತಡೆದು, ಕೆಸರಿನ ಹಣೆಯನ್ನು ಅವನ ಸರಿಯಿದ್ದ ಭುಜಕ್ಕೆ ಒತ್ತಿದಳು.

"ರಬ್ಬರು ತುಂಬ ಹತ್ತಿರ ಇಟ್ಟಿದ್ದೆ. ತಪ್ಪು ನಂದೇ" ಎಂದ ಅವನು.

"ಹೂಂ, ನಿಮ್ಮದೇ. ಅರ್ಧ ಕೂದಲೆಳೆ ದೂರ ಇಡ್ಬೇಕು. ನಾನು ಬೆಣೆ ಅಷ್ಟೇ ತೆಳ್ಳಗೆ ಮಾಡ್ತೀನಿ."

"ತೆಳ್ಳಗೆ ಮಾಡಿದ್ರೆ ನಿನ್ನ ಬೆರಳಿಗೆ ಎಟುಕಲ್ಲ."

"ಎಟುಕುತ್ತೆ. ಈಗ ಬೆರಳು ಉದ್ದ ಆಗಿದೆ" ಎಂದು ಅವಳು ಕೈ ಅಗಲಿಸಿ ತೋರಿಸಿದಳು. ಅದು ಮುಂಚಿನಷ್ಟೇ ಪುಟ್ಟದಾಗಿತ್ತು. ಅವನು ಹೌದೆಂದು ತಲೆಯಾಡಿಸಿದ.

ಮನೆಗೆ ಬಂದಾಗ ಸಂಜೆಯ ಬೆಳಕು ಪಡಸಾಲೆಯಲ್ಲಿ ಬಿದ್ದಿತ್ತು. ಅವಳಿಗೆ ಬೆರಳು ಮಡಚಲು ಬರದಷ್ಟು ಕೈ ಸೆಟೆದುಕೊಂಡಿತ್ತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದು ಕೂತು ಕಾಲು ಚಾಚಿದಳು. ಬೂಟಿನ ದಾರ ಕೆಸರಿಗೆ ಕಲ್ಲಾಗಿತ್ತು. ಅವನು ಎದುರಿಗೆ ನೆಲದ ಮೇಲೆ ಕೂತು ಒಂದೇ ಕೈಯಲ್ಲಿ ಗಂಟಿನ ಒಂದು ತುದಿ ಹಿಡಿದ. ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಕೊನೆಗೆ ಹಲ್ಲಲ್ಲಿ ಕಚ್ಚಿ ಎಳೆದ.

"ಹುಷಾರು" ಎಂದಳು ಅವಳು, ಅರೆಗಣ್ಣಲ್ಲಿ. "ಮುರಿದ್ರೆ ಕಟ್ಟಿಕೊಡೋದು ನಾನೇ."

ಬಾಯಿ ತುಂಬಿದ ಮಣ್ಣನ್ನು ಉಗಿಯುತ್ತ ಅವನು ಒಂದು ಬೂಟು ಕಳಚಿದ. ಎರಡನೆಯದರ ಗಂಟಿಗೆ ಬಾಯಿ ಹಾಕುವಷ್ಟರಲ್ಲಿ ಅವಳು ನಿದ್ದೆ ಹೋಗಿದ್ದಳು, ತಲೆ ಗೋಡೆಗೆ ವಾಲಿಸಿ, ಬಾಯಿ ಸ್ವಲ್ಪ ತೆರೆದು. ಎಬ್ಬಿಸಬೇಕೆನಿಸಲಿಲ್ಲ. ಆ ಬೂಟನ್ನು ಹಾಗೇ ಬಿಟ್ಟು, ಅವಳ ಬರಿಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಬೆರಳ ಸಂದಿನ ಕೆಸರನ್ನು ಅಂಗಿಯ ಅಂಚಿನಿಂದ ಒಂದೊಂದಾಗಿ ಒರೆಸುತ್ತ ಕೂತ.